ಮನೆ ಮಾರುವ ಮುಂಚೆ ಸಿಂಕಿನ ಕೆಳಗೆ ಒಮ್ಮೆ ಬಗ್ಗಿ ನೋಡಿ

ನಾನು ಇದುವರೆಗೆ ಎರಡು ಮನೆ ಮಾರಿದ್ದೇನೆ. ಮೊದಲನೆಯದು ಮಾರಾಟವಾಗಲು 11 ತಿಂಗಳು ಹಿಡಿಯಿತು. ಎರಡನೆಯದು ಆರೇ ವಾರದಲ್ಲಿ ಹೋಯಿತು. ಎರಡನೆಯ ಮನೆ ಹೆಚ್ಚು ಚೆನ್ನಾಗಿತ್ತು ಅಂತಲ್ಲ. ನಿಜ ಹೇಳಬೇಕೆಂದರೆ ಮೊದಲನೆಯದೇ ದೊಡ್ಡದು, ಗಾಳಿ ಬೆಳಕೂ ಜಾಸ್ತಿ.

ಆ ಮೊದಲ ಮನೆ ನೋಡಲು ಒಬ್ಬ ಹಿರಿಯರು ಬಂದಿದ್ದರು. ಹಾಲ್‌ನಲ್ಲಿ ನಾನು ಕಷ್ಟಪಟ್ಟು ಜೋಡಿಸಿದ್ದ ಸೋಫಾ, ಹೊಸ ಪರದೆ ಯಾವುದರ ಕಡೆಗೂ ತಿರುಗಿ ನೋಡಲಿಲ್ಲ. ಸೀದಾ ಅಡುಗೆಮನೆಗೆ ಹೋದರು. ಮಂಡಿಯೂರಿ ಕೂತು ಸಿಂಕಿನ ಕೆಳಗಿನ ಬಾಗಿಲು ತೆಗೆದರು. ಪೈಪಿನ ಕೆಳಗೊಂದು ಹಳೇ ಪ್ಲಾಸ್ಟಿಕ್ ಡಬ್ಬ, ಅದರಲ್ಲಿ ಅರ್ಧ ನೀರು. ಅದನ್ನು ಅಲ್ಲಿಟ್ಟು ಎರಡು ವರ್ಷವಾಗಿತ್ತು. ವಾರಕ್ಕೊಮ್ಮೆ ಚೆಲ್ಲಿ ಚೆಲ್ಲಿ ಅಭ್ಯಾಸವಾಗಿ, ಅಲ್ಲೊಂದು ರಿಪೇರಿ ಬಾಕಿ ಇದೆ ಅನ್ನುವುದೇ ನಮಗೆ ಮರೆತುಹೋಗಿತ್ತು. ಅವರು ಏನೂ ಅನ್ನಲಿಲ್ಲ. ಬಾಗಿಲು ಮುಚ್ಚಿ, ಕೈ ಒರೆಸಿಕೊಂಡು, 'ಬರ್ತೀವಮ್ಮ' ಅಂದರು. ಮತ್ತೆ ಬರಲಿಲ್ಲ.

ಡಬ್ಬದಲ್ಲಿದ್ದ ನೀರು ಒಂದು ಲೋಟವೂ ಇರಲಿಲ್ಲ. ಆದರೆ ಇಷ್ಟು ಚಿಕ್ಕದನ್ನೇ ಸರಿಮಾಡದವರು ಗೋಡೆಯೊಳಗಿನ ಪೈಪನ್ನು ಹೇಗಿಟ್ಟಿರಬಹುದು ಅಂತ ಅವರಿಗೆ ಅನ್ನಿಸಿರುತ್ತದೆ. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಅಂದುಕೊಳ್ಳುತ್ತಿದ್ದೆ.

ಅದಕ್ಕೇ ಬಣ್ಣ, ಪರದೆ ಎಲ್ಲ ಆಮೇಲೆ. ಮೊದಲು ನೀರು ನೋಡಿ.

ಮನೆಗೆ ನೀರಿನ ಮೀಟರ್ ಇದ್ದರೆ, ಎಲ್ಲ ನಲ್ಲಿ ನಿಲ್ಲಿಸಿ ಅದರ ಅಂಕಿಯನ್ನು ಬರೆದಿಟ್ಟುಕೊಳ್ಳಿ. ಎರಡು ಗಂಟೆ ಯಾರೂ ನೀರು ಮುಟ್ಟಬಾರದು. ಆಮೇಲೆ ನೋಡಿದಾಗ ಅಂಕಿ ಮುಂದೆ ಹೋಗಿದ್ದರೆ ಎಲ್ಲೋ ಸೋರುತ್ತಿದೆ ಅಂತ ಅರ್ಥ. ಕಕ್ಕಸಿನ ಫ್ಲಶ್ ಟ್ಯಾಂಕಿಗೆ ಅಡುಗೆಗೆ ಬಳಸುವ ಬಣ್ಣವನ್ನು ನಾಲ್ಕು ಹನಿ ಹಾಕಿ, ಅರ್ಧ ಗಂಟೆ ಫ್ಲಶ್ ಮಾಡಬೇಡಿ. ಕೆಳಗಿನ ನೀರಿಗೆ ಬಣ್ಣ ಬಂದಿದ್ದರೆ ಟ್ಯಾಂಕಿನೊಳಗಿನ ವಾಷರ್ ಹೋಗಿದೆ. ತೊಟ್ಟಿಕ್ಕುವ ನಲ್ಲಿಗೂ ಹೆಚ್ಚಿನ ಸಲ ವಾಷರ್ರೇ ಕಾರಣ. ಸಿಂಕಿನ ಪೈಪ್ ರಿಪೇರಿಯಾದ ಮೇಲೆ ಕೆಳಗೆ ಒಂದು ಒಣ ಪೇಪರ್ ಹಾಸಿ ರಾತ್ರಿಯಿಡೀ ಬಿಡಿ. ಒಂದೇ ಒಂದು ಹನಿ ಬಿದ್ದಿದ್ದರೂ ಬೆಳಿಗ್ಗೆ ಪೇಪರ್ ಹೇಳುತ್ತದೆ.

ಇನ್ನು ಗೋಡೆಯ ತೇವ. ಇಲ್ಲಿ ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಮಲಗುವ ಕೋಣೆಯ ಗೋಡೆಯಲ್ಲಿ ಮಂಡಿಯೆತ್ತರಕ್ಕೆ ಒಂದು ಕಲೆ ಇತ್ತು, ಮುಟ್ಟಿದರೆ ಬಿಳಿ ಪುಡಿ ಉದುರುತ್ತಿತ್ತು. ಬಣ್ಣದವನು 'ಎರಡು ಕೋಟ್ ಹೊಡೆದರೆ ಕಾಣಲ್ಲ' ಅಂದ. ಹೊಡೆಸಿದೆವು. ಐದನೇ ವಾರಕ್ಕೆ ಬಣ್ಣ ಗುಳ್ಳೆ ಗುಳ್ಳೆಯಾಗಿ ಎದ್ದಿತು. ಹಿಂದಿನ ವಾರ ಬಂದು ಮೆಚ್ಚಿಕೊಂಡು ಹೋಗಿದ್ದ ದಂಪತಿ ಎರಡನೇ ಸಲ ಬಂದದ್ದೂ ಸರಿಯಾಗಿ ಅದೇ ದಿನ. ಕಲೆಯನ್ನು ಹಾಗೇ ಬಿಟ್ಟಿದ್ದರೆ ಅದು ಬರೀ ಒಂದು ಕಲೆ. ಮುಚ್ಚಿದ್ದಕ್ಕೆ ನಾವು ಮೋಸಗಾರರ ಹಾಗೆ ಕಂಡೆವು.

ಆ ಬಿಳಿ ಪುಡಿ ಅಂದರೆ ಗಾರೆ, ಇಟ್ಟಿಗೆಯೊಳಗಿನ ಉಪ್ಪು. ನೀರಿನಲ್ಲಿ ಕರಗಿ ಹೊರಗೆ ಬರುತ್ತದೆ, ನೀರು ಆರಿದ ಮೇಲೆ ಉಪ್ಪು ಮಾತ್ರ ಉಳಿಯುತ್ತದೆ. ಹಾಗಾಗಿ ಅದನ್ನು ನೀರು ಹಾಕಿ ತೊಳೆಯಬೇಡಿ, ಉಪ್ಪು ಮತ್ತೆ ಕರಗಿ ಒಳಗೇ ಹೋಗುತ್ತದೆ. ಒಣ ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ನೀರು ಎಲ್ಲಿಂದ ಬರುತ್ತಿದೆ ಅಂತ ಮೊದಲು ಹುಡುಕಿ. ಗೋಡೆಯ ಆ ಕಡೆ ಬಚ್ಚಲು ಇದೆಯಾ, ಹೊರಗೆ ಮಣ್ಣು ಗೋಡೆಗೆ ತಾಗಿ ಏರಿದೆಯಾ, ಚಾವಣಿಯ ನೀರಿನ ಪೈಪ್ ಅಲ್ಲೇ ಒಡೆದಿದೆಯಾ ನೋಡಿ. ನಮ್ಮದು ಬಚ್ಚಲಿನ ಟೈಲ್ಸ್ ನಡುವಿನ ಸಂದಿಯಿಂದ ಬರುತ್ತಿತ್ತು. ಮೂಲ ಸರಿಯಾದ ಮೇಲೂ ಗೋಡೆ ಪೂರ್ತಿ ಒಣಗಲು ವಾರಗಳು, ಕೆಲವು ಸಲ ತಿಂಗಳುಗಳೇ ಬೇಕು. ಬಣ್ಣ ಅದಾದ ಮೇಲೆ. ಮನೆ ಮಾರುವ ಕನಿಷ್ಠ ನಾಲ್ಕು ತಿಂಗಳ ಮುಂಚೆ ಕೆಲಸ ಶುರುಮಾಡಿ ಅಂತ ನಾನು ಹೇಳುವುದು ಈ ಒಂದು ಕಾರಣಕ್ಕೇ.

ಬಿರುಕುಗಳ ವಿಷಯದಲ್ಲಿ ಸುಮ್ನೆ ಹೆದರಬೇಡಿ. ಕೂದಲೆಳೆಯಂಥ ಬಿರುಕು ಹಳೇ ಗಾರೆಯಲ್ಲಿ ಇದ್ದೇ ಇರುತ್ತದೆ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್‌ನಿಂದ ಸಣ್ಣ ಗೆರೆ ಎಳೆದು, ಪಕ್ಕದಲ್ಲಿ ತಾರೀಖು ಬರೆಯಿರಿ. ಎರಡು ಮೂರು ತಿಂಗಳಲ್ಲಿ ಅದು ಗೆರೆ ದಾಟಿದ್ದರೆ, ಅಥವಾ ಬಾಗಿಲು ಕಿಟಕಿಯ ಮೂಲೆಯಿಂದ ಓರೆಯಾಗಿ ಅಗಲವಾಗುತ್ತಾ ಹೋಗಿದ್ದರೆ ಎಂಜಿನಿಯರ್‌ಗೆ ತೋರಿಸಿ. ಅವರು ಬರೆದುಕೊಟ್ಟ ಕಾಗದ ಕೊಳ್ಳುವವರಿಗೂ ಬೇಕಾಗುತ್ತದೆ.

ಮುಂದಿನದು ವಾಸನೆ. ನಮ್ಮ ಮನೆಯ ವಾಸನೆ ನಮಗೆ ಗೊತ್ತಾಗುವುದಿಲ್ಲ. ಮೂಗು ಸ್ವಲ್ಪ ಹೊತ್ತಿಗೇ ಒಗ್ಗಿಕೊಂಡುಬಿಡುತ್ತದೆ. ಎರಡನೇ ಮನೆ ಮಾರುವಾಗ ಅಕ್ಕನನ್ನು ಕರೆಸಿ, 'ಬಾಗಿಲಲ್ಲೇ ನಿಂತು ಏನು ವಾಸನೆ ಬರುತ್ತೆ ಹೇಳು, ಮುಲಾಜು ನೋಡಬೇಡ' ಅಂದೆ. ಅಕ್ಕ ಮುಲಾಜು ನೋಡುವವಳೇ ಅಲ್ಲ. 'ಚರಂಡಿ ಕಣೇ' ಅಂದಳು. ಹುಡುಕಿದರೆ, ಅತಿಥಿಗಳಿಗೆ ಅಂತ ಇಟ್ಟಿದ್ದ ಬಚ್ಚಲಿಂದ ಬರುತ್ತಿತ್ತು. ನೆಲದ ಜಾಲರಿಯ ಕೆಳಗಿನ ಟ್ರ್ಯಾಪ್ ಅನ್ನುವ ಬಾಗಿದ ಭಾಗದಲ್ಲಿ ಯಾವಾಗಲೂ ಒಂದಿಷ್ಟು ನೀರು ನಿಂತಿರುತ್ತದೆ. ಚರಂಡಿಯ ಗಾಳಿಯನ್ನು ತಡೆಯುವುದು ಆ ನೀರೇ. ಬಳಸದ ಬಚ್ಚಲಲ್ಲಿ ಅದು ಆರಿಹೋಗುತ್ತದೆ. ಎರಡು ಚೊಂಬು ನೀರು ಸುರಿದೆವು, ಸ್ವಲ್ಪ ಹೊತ್ತು ಕಿಟಕಿ ತೆರೆದಿಟ್ಟೆವು, ಅಷ್ಟೇ. ಸೆಂಟಿನಂಥ ಸ್ಪ್ರೇ ಮಾತ್ರ ಹೊಡೆಯಬೇಡಿ. ಜೋರಾದ ಪರಿಮಳ ಬಂದರೆ, ಇವರು ಏನನ್ನೋ ಮುಚ್ಚುತ್ತಿದ್ದಾರೆ ಅಂತಲೇ ಜನ ಅಂದುಕೊಳ್ಳುತ್ತಾರೆ.

ಸಾಮಾನು ಕಡಿಮೆ ಮಾಡಿ ಅಂತ ಎಲ್ಲರೂ ಹೇಳುತ್ತಾರೆ. ಅದು ಸರಿ, ಆದರೆ ಅದನ್ನೆಲ್ಲ ತಂದು ಬೀರುವಿಗೆ ತುರುಕಿದರೆ ಉಪಯೋಗವಿಲ್ಲ. ಬಂದವರು ಬೀರು ತೆಗೆದೇ ತೆಗೆಯುತ್ತಾರೆ. ಅದು ಬಿರಿಯುವ ಹಾಗೆ ತುಂಬಿದ್ದರೆ, ಈ ಮನೆಯಲ್ಲಿ ಜಾಗ ಸಾಲದು ಅಂತ ತೀರ್ಮಾನಿಸುತ್ತಾರೆ. ಮೂರರಲ್ಲೊಂದು ಪಾಲು ಖಾಲಿ ಇರಲಿ. ಹೇಗೂ ಮನೆ ಬಿಡುವವರು ನೀವು, ಈಗಲೇ ಅರ್ಧ ಪ್ಯಾಕ್ ಮಾಡಿದರೆ ಮುಂದಿನ ಕೆಲಸ ಕಡಿಮೆ ಅಲ್ವಾ? ಹಾಗಂತ ಕೋಣೆಯನ್ನು ಪೂರ್ತಿ ಬರಿದು ಮಾಡಬೇಡಿ. ಒಂದು ಮಂಚ ಇದ್ದರೆ ಕೋಣೆಯ ಅಳತೆ ಕಣ್ಣಿಗೆ ಗೊತ್ತಾಗುತ್ತದೆ.

ಕಿರಗುಟ್ಟುವ ಬಾಗಿಲಿಗೆ ಎಣ್ಣೆ, ಸಡಿಲ ಹಿಡಿಗಳಿಗೆ ಸ್ಕ್ರೂ, ಸುಟ್ಟ ಬಲ್ಬಿಗೆ ಹೊಸ ಬಲ್ಬು. ಒಂದೇ ಕೋಣೆಯಲ್ಲಿ ಒಂದು ಹಳದಿ, ಇನ್ನೊಂದು ಅಚ್ಚ ಬಿಳಿ ಬೆಳಕು ಬೇಡ. ಡಬ್ಬಿಯ ಮೇಲೆ 2700 ಅಥವಾ 3000 ಕೆಲ್ವಿನ್ ಅಂತಿದ್ದರೆ ಬೆಚ್ಚನೆಯ ಹಳದಿ, 6500 ಅಂತಿದ್ದರೆ ನೀಲಿ ಬೆರೆತ ಬಿಳಿ. ಒಂದನ್ನು ಆರಿಸಿಕೊಳ್ಳಿ. ನೆಲ ಅಮೃತಶಿಲೆಯದಾದರೆ ವಿನೆಗರ್, ನಿಂಬೆರಸ ತಾಗಿಸಬೇಡಿ. ಆ ಕಲ್ಲಿನಲ್ಲಿರುವುದು ಸುಣ್ಣದ ಅಂಶ, ಹುಳಿ ತಾಗಿದರೆ ಹೊಳಪು ಹೋಗುತ್ತದೆ.

ದೊಡ್ಡ ಖರ್ಚಿಗೆ ಕೈಹಾಕುವುದು ಬೇಡ ಅನ್ನುವುದು ನನ್ನ ಅಭಿಪ್ರಾಯ. ಮಾರುವುದಕ್ಕೋಸ್ಕರ ಹೊಸ ಅಡುಗೆಮನೆ ಮಾಡಿಸಿದರೆ, ಕೊಂಡವರು ತಮ್ಮ ರುಚಿಗೆ ತಕ್ಕಂತೆ ಅದನ್ನು ಕಿತ್ತುಹಾಕಬಹುದು. ನೀವು ಹಾಕಿದ ದುಡ್ಡು ಬೆಲೆಯಲ್ಲಿ ಪೂರ್ತಿ ವಾಪಸ್ ಬರುತ್ತದೆ ಅನ್ನುವ ನಂಬಿಕೆ ಬೇಡ. ಬೆಲೆ ಗೊತ್ತುಮಾಡುವಾಗ ಅಕ್ಕಪಕ್ಕದವರು ಎಷ್ಟು ಕೇಳುತ್ತಿದ್ದಾರೆ ಅಂತಲ್ಲ, ಅಂಥ ಮನೆ ನಿಜವಾಗಿ ಎಷ್ಟಕ್ಕೆ ಹೋಯಿತು ಅಂತ ವಿಚಾರಿಸಿ. ಕೇಳುವುದಕ್ಕೇನು, ನಾನೂ ಮೊದಲ ಮನೆಗೆ ಬಾಯಿಗೆ ಬಂದಷ್ಟು ಕೇಳಿದ್ದೆ.

ಫೋಟೋ ಹಗಲಲ್ಲೇ ತೆಗೆಯಿರಿ. ಪರದೆ ಸರಿಸಿ, ಕೋಣೆಯ ಮೂಲೆಯಲ್ಲಿ ನಿಂತು, ಫೋನನ್ನು ಅಡ್ಡ ಹಿಡಿದು ಎದೆಯ ಮಟ್ಟದಲ್ಲಿ ಇಟ್ಟುಕೊಳ್ಳಿ. ಗೋಡೆಯ ಅಂಚು ನೆಟ್ಟಗೆ ಕಾಣಬೇಕು. ಕಮೋಡಿನ ಮುಚ್ಚಳ ಹಾಕಿ. ಕೋಣೆಯನ್ನು ಎಳೆದು ಅಗಲ ಮಾಡಿ ತೋರಿಸುವ ಲೆನ್ಸ್ ಬೇಡ. ಫೋಟೋದಲ್ಲಿ ಮೈದಾನ ನೋಡಿ ಬಂದವರು ಕೋಣೆ ನೋಡಿ ಮುಖ ಸಿಂಡರಿಸುತ್ತಾರೆ. ಮಕ್ಕಳ ಫೋಟೋ, ಹೆಸರಿರುವ ಪತ್ರ, ಗೋಡೆಗೆ ನೇತುಹಾಕಿದ ಕೀಲಿಗೊಂಚಲು ಚಿತ್ರದಲ್ಲಿ ಬರದಂತೆ ನೋಡಿಕೊಳ್ಳಿ.

ಕಾಗದಪತ್ರ ಬೇಗ ಹುಡುಕಿಡಿ. ಮನೆ ಯಾರ ಯಾರ ಹೆಸರಲ್ಲಿದೆಯೋ ಅವರೆಲ್ಲ ಒಪ್ಪಿದ್ದಾರಾ ಅಂತ ಮೊದಲೇ ಕೂತು ಮಾತಾಡಿ. ಸಾಲ ಇದ್ದರೆ ಎಷ್ಟು ಬಾಕಿ ಅಂತ ಬರವಣಿಗೆಯಲ್ಲಿ ತರಿಸಿಕೊಳ್ಳಿ. ನೋಡಲು ಬಂದವರ ಕೈಗೆ ನಕಲು ಮಾತ್ರ ಕೊಡಿ, ಅಸಲು ಬೇಡ. ಬೀರು, ಫ್ಯಾನು, ಗೀಸರ್, ಕುಂಡಗಳು ಇವುಗಳಲ್ಲಿ ಯಾವುದು ಮನೆಯ ಜೊತೆ ಹೋಗುತ್ತದೆ, ಯಾವುದು ನಿಮ್ಮ ಜೊತೆ ಬರುತ್ತದೆ ಅಂತ ಬರೆದಿಡಿ. ನಮ್ಮ ಮೊದಲ ಮಾರಾಟದಲ್ಲಿ ಒಂದು ಕನ್ನಡಿಗಾಗಿ ಮೂರು ದಿನ ಫೋನ್ ಜಗಳ ನಡೆದಿದೆ.

ಎರಡನೇ ಮನೆಗೆ ನಾನು ಇನ್ನೂ ಒಂದು ಹಾಳೆ ಮಾಡಿದ್ದೆ. ಯಾವ ವರ್ಷ ಚಾವಣಿಗೆ ಏನು ಮಾಡಿಸಿದೆವು, ಪೈಪ್ ಯಾವಾಗ ಬದಲಾಯಿತು, ಯಾವ ಕಿಟಕಿ ಜೋರು ಮಳೆಗೆ ಇನ್ನೂ ಸ್ವಲ್ಪ ನೀರು ಬಿಡುತ್ತದೆ, ಎಲ್ಲ ಬರೆದಿದ್ದೆ. ನಮ್ಮ ಯಜಮಾನರಿಗೆ ಅದು ಒಂಚೂರೂ ಇಷ್ಟವಿರಲಿಲ್ಲ. 'ನಮ್ಮ ಹುಳುಕು ನಾವೇ ಬರೆದುಕೊಡಬೇಕಾ?' ಅಂದರು. ನೋಡಲು ಬಂದ ಹೆಂಗಸು ಆ ಹಾಳೆಯನ್ನು ನಿಂತಲ್ಲೇ ಎರಡು ಸಲ ಓದಿದರು. ಕಿಟಕಿಯ ಹತ್ತಿರ ಹೋಗಿ ನೋಡಿದರು. ರಿಪೇರಿಗೆ ಎಷ್ಟಾಗಬಹುದು ಅಂತ ಕೇಳಿದರು, ಹೇಳಿದೆ. ಅಷ್ಟನ್ನು ಬೆಲೆಯಲ್ಲಿ ಇಳಿಸಲು ಕೇಳಿದರು, ಇಳಿಸಿದೆವು. ಆಮೇಲೆ ಬೇರೆ ಚೌಕಾಸಿಯೇ ಆಗಲಿಲ್ಲ.

ಮನೆ ತೋರಿಸುವಾಗ ಒಬ್ಬರೇ ಇರಬೇಡಿ, ಒಡವೆ ಮತ್ತು ಔಷಧಿ ಬೀಗದೊಳಗಿರಲಿ. ಬಂದವರ ಹಿಂದೆಯೇ ವಿವರಣೆ ಕೊಡುತ್ತಾ ಸುತ್ತಬೇಡಿ. ಅವರವರೇ ಪಿಸುಗುಟ್ಟಿಕೊಳ್ಳಲು ಬಿಟ್ಟು ನೀವು ಹೊರಗೆ ನಿಂತಿರಿ.

ಕೊನೆಯ ದಿನ ಮೀಟರ್‌ಗಳ ಫೋಟೋ ತೆಗೆದುಕೊಳ್ಳಿ, ಪ್ರತಿ ಕೀಲಿಗೂ ಒಂದು ಚೀಟಿ ಕಟ್ಟಿ. ನಮ್ಮ ಗೊಂಚಲಿನಲ್ಲಿ ಒಂದು ಸಣ್ಣ ಹಿತ್ತಾಳೆ ಕೀಲಿ ಇತ್ತು. ಅದು ಯಾವ ಬೀಗದ್ದು ಅಂತ 14 ವರ್ಷ ಇದ್ದರೂ ತಿಳಿಯಲಿಲ್ಲ. 'ಗೊತ್ತಿಲ್ಲ' ಅಂತ ಚೀಟಿ ಬರೆದು ಅದನ್ನೂ ಕೊಟ್ಟುಬಂದೆವು.