ನಮ್ಮ ಮನೆ ವೈಫೈಗೆ ಬೀಗ ಹಾಕಿದ್ದು ಹೀಗೆ

ತುಮಕೂರಿನ ಎಸ್‌ಐಟಿ ಬಡಾವಣೆ ಕಡೆ ಓದೋ ಹುಡುಗರ ರೂಮುಗಳು ಜಾಸ್ತಿ. ಮೊಬೈಲಿನಲ್ಲಿ ವೈಫೈ ಪಟ್ಟಿ ತೆಗೆದರೆ ಹೆಸರುಗಳ ಸಂತೆ. ನಮ್ಮ ಮನೆ ಮಹಡಿಯಲ್ಲೂ ಬಾಡಿಗೆ ಹುಡುಗರಿದ್ದಾರೆ. ಫೈಬರ್ ಕನೆಕ್ಷನ್ ಕೊಡೋಕೆ ಬಂದವರು ಅಪ್ಪನ ಮೊಬೈಲ್ ನಂಬರನ್ನೇ ವೈಫೈ ಪಾಸ್‌ವರ್ಡ್ ಮಾಡಿ ಹೋಗಿದ್ದರು. ಆ ನಂಬರ್ ಗೇಟಿನ ಟು-ಲೆಟ್ ಬೋರ್ಡಿನಲ್ಲೂ ಇದೆ!

ಬೋರ್ಡ್ ಇಲ್ಲದಿದ್ದರೂ ಮೊಬೈಲ್ ನಂಬರ್ ಬೇಡ. ನಿಮ್ಮ ಫೋನ್ ವೈಫೈಗೆ ಸೇರುವಾಗ ರೂಟರ್ ಜೊತೆ ಆಡೋ ಮಾತನ್ನು ಬೀದಿಯಲ್ಲಿ ನಿಂತವರು ಹಿಡಿದಿಟ್ಟುಕೊಳ್ಳಬಹುದು, ಆಮೇಲೆ ತಮ್ಮ ಕಂಪ್ಯೂಟರಿನಲ್ಲಿ ಕೂತು ಒಂದೊಂದೇ ಪಾಸ್‌ವರ್ಡ್ ಹಾಕಿ ತಾಳೆ ನೋಡಬಹುದು. ಹತ್ತು ಅಂಕಿ ಅಂದರೆ ಒಳ್ಳೆ ಕಂಪ್ಯೂಟರಿಗೆ ದೊಡ್ಡ ಕೆಲಸವಲ್ಲ. ವೈಫೈಗೆ ಬೀಗ ಹಾಕೋ ಪದ್ಧತಿಯಾದ ಡಬ್ಲ್ಯೂಪಿಎ2ನಲ್ಲಿ 8ರಿಂದ 63 ಅಕ್ಷರದವರೆಗೆ ಪಾಸ್‌ವರ್ಡ್ ಇಡಬಹುದು. ಒಂದಕ್ಕೊಂದು ಸಂಬಂಧವೇ ಇಲ್ಲದ ನಾಲ್ಕು ಕನ್ನಡ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಜೋಡಿಸಿದೆ. ತಟ್ಟೆ ಇಡ್ಲಿ ಮಾತ್ರ ಬೇಡ, ನಮ್ಮೂರಲ್ಲಿ ಎಲ್ಲರೂ ಮೊದಲು ಅದನ್ನೇ ಹಾಕಿ ನೋಡ್ತಾರೆ.

ಇದನ್ನೆಲ್ಲ ಬದಲಿಸೋದು ರೂಟರಿನ ಒಳಗಿನ ಪುಟದಲ್ಲಿ. ಬ್ರೌಸರಿನಲ್ಲಿ 192.168.1.1 ಅಥವಾ 192.168.0.1 ಅಂತ ಹೊಡೆದರೆ ಸಾಮಾನ್ಯವಾಗಿ ಬರುತ್ತದೆ, ಸರಿಯಾದ ವಿಳಾಸ ರೂಟರಿನ ಸ್ಟಿಕ್ಕರಿನಲ್ಲಿರುತ್ತದೆ. ನಮ್ಮದರಲ್ಲಿ ಲಾಗಿನ್ ಹೆಸರೂ ಅಡ್ಮಿನ್, ಪಾಸ್‌ವರ್ಡೂ ಅಡ್ಮಿನ್. ಮೊದಲು ಅದನ್ನು ಬದಲಿಸಿದೆ. ವೈಫೈ ಪಾಸ್‌ವರ್ಡ್ ಬೇರೆ, ಇದು ಬೇರೆ. ಒಳಗೆ ಬಂದ ಯಾರೇ ಆದರೂ ಈ ಪುಟ ತೆರೆದರೆ ನಮ್ಮನ್ನೇ ಆಚೆ ಹಾಕಬಹುದು, ಅಲ್ವಾ? ಹೊರಗಿನ ಇಂಟರ್ನೆಟ್ಟಿನಿಂದ ಈ ಪುಟ ತೆರೆಯೋ ರಿಮೋಟ್ ಮ್ಯಾನೇಜ್‌ಮೆಂಟ್ ಆಯ್ಕೆಯನ್ನೂ ಆಫ್ ಮಾಡಿದೆ.

ಆಮೇಲೆ ಡಬ್ಲ್ಯೂಪಿಎಸ್. ಬಟನ್ ಒತ್ತಿ ಅಥವಾ ಎಂಟಂಕಿಯ ಪಿನ್ ಹಾಕಿ ಸುಲಭವಾಗಿ ಸೇರೋ ವ್ಯವಸ್ಥೆ ಇದು. ಆದರೆ ರೂಟರ್ ಈ ಪಿನ್ನನ್ನು ಎರಡು ತುಂಡು ಮಾಡಿ ಪರೀಕ್ಷಿಸುತ್ತದೆ. ಮೊದಲ ನಾಲ್ಕಂಕಿಗೆ 10,000 ಸಾಧ್ಯತೆ, ಉಳಿದದ್ದರಲ್ಲಿ ಕೊನೆಯಂಕಿ ಲೆಕ್ಕ ಹಾಕಿ ಬರೋದು, ಹಾಗಾಗಿ ಅಲ್ಲಿ 1,000. ಕೋಟಿಗಟ್ಟಲೆ ಇರಬೇಕಾದ್ದು 11,000ಕ್ಕೆ ಮುಗಿಯಿತು. 2011ರಲ್ಲೇ ಬಯಲಾದ ವಿಷಯ. ಪಾಸ್‌ವರ್ಡ್ ಎಷ್ಟೇ ಉದ್ದ ಇಟ್ಟರೂ ಇದು ಹಿತ್ತಲ ಬಾಗಿಲು. ಮುಲಾಜಿಲ್ಲದೆ ಆಫ್ ಮಾಡಿದೆ.

ಸೆಕ್ಯೂರಿಟಿಯಲ್ಲಿ ಡಬ್ಲ್ಯೂಪಿಎ2 ಮತ್ತು ಅದರ ಹೊಸ ರೂಪ ಡಬ್ಲ್ಯೂಪಿಎ3 ಎರಡೂ ಸೇರಿದ ಆಯ್ಕೆ ಇಟ್ಟಿದ್ದೇನೆ. ಬರೀ ಡಬ್ಲ್ಯೂಪಿಎ3 ಇಟ್ಟಾಗ ಅಮ್ಮನ ಹಳೇ ಫೋನ್ ಸೇರಲಿಲ್ಲ. "ಏನ್ ಮಾಡ್ದೆಯೋ, ಸೀರಿಯಲ್ ಬರ್ತಿಲ್ಲ" ಅಂತ ಶುರು ಮಾಡಿದರು. ಪಟ್ಟಿಯಲ್ಲಿ ವೆಪ್ ಅನ್ನೋ ಹಳೇ, ಸುಲಭವಾಗಿ ಒಡೆಯೋ ಬೀಗ ಕಂಡರೆ ಅದರ ತಂಟೆಗೇ ಹೋಗಬೇಡಿ.

ಮಹಡಿ ಹುಡುಗರಿಗೆ, ಬಂದ ನೆಂಟರಿಗೆ ಗೆಸ್ಟ್ ನೆಟ್‌ವರ್ಕ್ ಮಾಡಿಕೊಟ್ಟೆ. ಅವರಿಗೆ ಇಂಟರ್ನೆಟ್ ಸಿಗುತ್ತದೆ, ನಮ್ಮ ಲ್ಯಾಪ್‌ಟಾಪ್, ಪ್ರಿಂಟರ್ ಕಾಣುವುದಿಲ್ಲ. ಗೇಟಿನ ಕ್ಯಾಮೆರಾವನ್ನೂ ಅದಕ್ಕೇ ಹಾಕಿದೆ. ಅಗ್ಗದ ಕ್ಯಾಮೆರಾಗಳನ್ನು ನಾನು ನಂಬೋದಿಲ್ಲ.

ವೈಫೈ ಹೆಸರು ಬಚ್ಚಿಡು, ಮ್ಯಾಕ್ ವಿಳಾಸದ (ಪ್ರತಿ ಫೋನು, ಲ್ಯಾಪ್‌ಟಾಪಿನ ಗುರುತಿನ ಸಂಖ್ಯೆ) ಪಟ್ಟಿ ಮಾಡಿ ಅದರಲ್ಲಿರೋವಕ್ಕಷ್ಟೇ ಬಿಡು ಅಂತ ಗೆಳೆಯನೊಬ್ಬ ಹೇಳಿದ. ಎರಡೂ ಮಾಡಲಿಲ್ಲ. ಬಚ್ಚಿಟ್ಟ ಹೆಸರು ಉಚಿತ ಆ್ಯಪಿನಲ್ಲೇ ಸಿಗುತ್ತದೆ. ಮ್ಯಾಕ್ ವಿಳಾಸ ನಕಲು ಮಾಡೋದು ಸುಲಭ, ಸಾಲದ್ದಕ್ಕೆ ಈಗಿನ ಫೋನುಗಳು ಸುಳ್ಳು ವಿಳಾಸ ಕೊಡುತ್ತವೆ. ಸುಮ್ನೆ ತಲೆನೋವು.

ಬೀಗದ ಮಾತಲ್ಲ, ಆದರೂ ಅಕ್ಕಪಕ್ಕದ ವೈಫೈ ಅಡ್ಡ ಬರದಿರಲಿ ಅಂತ ಚಾನೆಲನ್ನೂ, ಅಂದರೆ ಸಿಗ್ನಲ್ ಓಡೋ ದಾರಿಯನ್ನೂ, ಬದಲಿಸಿದೆ. 2.4 ಗಿಗಾಹರ್ಟ್ಸ್‌ನಲ್ಲಿ 1, 6, 11 ಈ ಮೂರು ಚಾನೆಲ್‌ಗಳು ಒಂದರ ಮೇಲೊಂದು ಬೀಳುವುದಿಲ್ಲ. ನಮ್ಮ ಬೀದಿಯಲ್ಲಿ 11 ಖಾಲಿ ಇತ್ತು, ಅದನ್ನೇ ಹಿಡಿದೆ. ಟಿವಿ 5 ಗಿಗಾಹರ್ಟ್ಸ್‌ನಲ್ಲಿದೆ. ಅದು ವೇಗ, ಆದರೆ ಗೋಡೆ ದಾಟೋಕೆ ಏದುಸಿರು ಬಿಡುತ್ತದೆ.

ಇನ್ನೊಂದು ಮಾತು. ಅಡ್ಮಿನ್ ಪಾಸ್‌ವರ್ಡ್ ಮರೆತರೆ ರೂಟರ್ ಹಿಂದಿನ ಸಣ್ಣ ತೂತಿಗೆ ಪಿನ್ ಹಾಕಿ ರೀಸೆಟ್ ಮಾಡಬೇಕಾಗುತ್ತದೆ. ಆಗ ಕಂಪನಿಯವರು ಹಾಕಿದ ಇಂಟರ್ನೆಟ್ ಯೂಸರ್‌ನೇಮ್, ಪಾಸ್‌ವರ್ಡ್ ಕೂಡ ಅಳಿಸಿಹೋಗಬಹುದು. ಅವನ್ನು ಮೊದಲೇ ಕೇಳಿ ಬರೆದಿಟ್ಟುಕೊಳ್ಳಿ, ಇಲ್ಲದಿದ್ದರೆ ಭಾನುವಾರ ಅವರ ಫೋನ್ ಎತ್ತೋವರೆಗೆ ಕಾಯಬೇಕು.