ತೀರ್ಥೋದ್ಭವದ ಹೊತ್ತಿಗೆ ತೋಟದಲ್ಲಿ ಹಕ್ಕಿ ನೋಡೋದು ಹೇಗೆ

ಕೊಡಗಿನ ಸುಂಟಿಕೊಪ್ಪದ ಹತ್ತಿರ ನಮ್ಮ ಕಾಫಿ ತೋಟ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಚಳಿಗಾಲಕ್ಕೆ ವಲಸೆ ಬರುವ ಹಕ್ಕಿ ಬಂದ ದಿನವನ್ನೂ ಬರೆದಿಡುತ್ತೇನೆ. ಸೆಪ್ಟೆಂಬರ್ ಮೊದಲಲ್ಲಿ ಬರುವ ಆಯುಧದ ಹಬ್ಬ ಕೈಲ್‌ಪೊಳ್ದ್ ಆಸುಪಾಸಿನಲ್ಲಿ ಕುಂಡೆಕುಸ್ಕ (ಗ್ರೇ ವ್ಯಾಗ್‌ಟೇಲ್) ಬರುತ್ತದೆ. ಅಕ್ಟೋಬರ್ ನಡುವೆ ತಲಕಾವೇರಿಯಲ್ಲಿ ತೀರ್ಥೋದ್ಭವ ಆಗುವ ಹೊತ್ತಿಗೆ ನವರಂಗ (ಇಂಡಿಯನ್ ಪಿಟ್ಟಾ). ಸುಗ್ಗಿ ಹಬ್ಬ ಹುತ್ತರಿಗೆ ಕದಿರು ತೆಗೆಯುವಾಗ ಹೆಚ್ಚುಕಮ್ಮಿ ಎಲ್ಲರೂ ಬಂದಿರುತ್ತಾರೆ. ಒಂದೇ ದಿನ ಬಿಡುವಿದ್ದರೆ ಅಕ್ಟೋಬರ್ ಕೊನೆಯ ವಾರ ಬನ್ನಿ.

ಕಾಡಿಗೇ ಹೋಗಬೇಕು ಅಂತೇನಿಲ್ಲ. ಅತ್ತಿ, ಹಲಸು, ಹಾಲುವಾಣ ಉಳಿಸಿಕೊಂಡ ತೋಟ ಸಾಕು. ಬರೀ ಸಿಲ್ವರ್ ಓಕ್ ಇರುವ ಕಡೆ ಹಕ್ಕಿ ಕಡಿಮೆ. ತೋಟದವರ ಒಪ್ಪಿಗೆ ಕೇಳಿ. ರಾತ್ರಿ ಆನೆ ಬಂದಿತ್ತಾ ಅಂತ ತೋಟದ ಲೆಕ್ಕ ನೋಡುವ ರೈಟರನ್ನೋ ಲೈನ್ ಮನೆಯ ಕಾರ್ಮಿಕರನ್ನೋ ವಿಚಾರಿಸಿ. ಬಂದಿತ್ತು ಅಂದರೆ ಅವತ್ತು ಆ ಕಡೆ ಹೋಗಲೇಬೇಡಿ. ಚೆನ್ನಾಗಿ ಬೆಳಕಾಗುವ ಮೊದಲು ಹೊರಡಲೂ ಬೇಡಿ. ಜಿಗಣೆ ಇರುತ್ತವೆ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ತೂರಿಸಿಕೊಳ್ಳಿ. ಬೈನಾಕ್ಯುಲರ್ 8×42 (ಎಂಟು ಪಟ್ಟು ಹತ್ತಿರ ತೋರಿಸುವ, 42 ಮಿ.ಮೀ. ಅಗಲದ ಮುಂಗಾಜಿನದು) ಇದ್ದರೆ ಒಳ್ಳೆಯದು. ತೋಟದ ನೆರಳಲ್ಲೂ ಚೆನ್ನಾಗಿ ಕಾಣುತ್ತದೆ, ಕೈ ಜಾಸ್ತಿ ನಡುಗುವುದಿಲ್ಲ.

ಬೆಳಿಗ್ಗೆ ಮೊದಲು ತೋಡಿನ (ಸಣ್ಣ ಹಳ್ಳದ) ಹತ್ತಿರ ನಿಲ್ಲಿ. ಕಲ್ಲಿನ ಮೇಲೆ ಹೊಟ್ಟೆ ಹಳದಿ, ಬೆನ್ನು ಬೂದು, ಉದ್ದ ಬಾಲವನ್ನು ಒಂದೇ ಸಮ ಕುಣಿಸುತ್ತಿರುವುದು ಕುಂಡೆಕುಸ್ಕ.

ಮಂಜು ಕರಗಿದ ಮೇಲೆ ತೋಟದೊಳಗೆ ಬನ್ನಿ. ಭೀಮರಾಜ ಹಕ್ಕಿಯ (ರಾಕೆಟ್-ಟೇಲ್ಡ್ ಡ್ರೊಂಗೊ) ಕೂಗು ಕೇಳಿದ ಕಡೆ ನಿಂತುಬಿಡಿ. ಅದರ ಜೊತೆ ಹತ್ತಾರು ಜಾತಿಯ ಹಕ್ಕಿಗಳು ಗುಂಪಾಗಿ ಹುಳ ಹಿಡಿಯುತ್ತಾ ಸಾಗುತ್ತವೆ. ಗುಂಪಿನ ಹಿಂದೆ ಓಡಬೇಡಿ. ಸುಮ್ನೆ ನಿಂತರೆ ಅದೇ ನಿಮ್ಮ ತಲೆ ಮೇಲೆ ಹಾದು ಹೋಗುತ್ತದೆ. ಎಲೆಗಳ ನಡುವೆ 'ಚಿಸ್‌ವೀ' ಅಂತ ಚೂಪಾಗಿ ಕೇಳಿತಾ? ಅದು ಗ್ರೀನಿಷ್ ವಾರ್ಬ್ಲರ್. ಎಲೆಯದೇ ಬಣ್ಣ, ಕಣ್ಣಿನ ಮೇಲೆ ಹುಬ್ಬಿನಂಥ ಮಾಸಲು ಗೆರೆ, ರೆಕ್ಕೆಯಲ್ಲಿ ತೆಳ್ಳನೆಯ ಒಂದು ಪಟ್ಟಿ. ತೂಕ ಏಳೆಂಟು ಗ್ರಾಂ ಅಷ್ಟೇ. ಅಷ್ಟು ಸಣ್ಣ ಜೀವ ಹಿಮಾಲಯದ ಕಡೆಯಿಂದ, ಅದಕ್ಕೂ ಆಚೆಯಿಂದ ಹಾರಿ ಬಂದಿರುತ್ತದೆ. ಬಂದ ಮೇಲೆ ತನ್ನದೇ ಒಂದಿಷ್ಟು ಜಾಗ ಹಿಡಿದು, ಬೇರೆಯವು ಬಂದರೆ ಅಟ್ಟುತ್ತದೆ. ಅದಕ್ಕೇ ಮೊಬೈಲಿನಲ್ಲಿ ಕೂಗು ಹಾಕಿ ಕರೆಯಬೇಡಿ ಅಂತ ಎಲ್ಲರಿಗೂ ಬೇಡಿಕೊಳ್ಳುತ್ತೇನೆ. ಇಲ್ಲದ ಶತ್ರುವನ್ನು ಹುಡುಕುತ್ತಾ ಅದು ಹೊಟ್ಟೆಗೆ ತಿನ್ನುವ ಹೊತ್ತನ್ನು ಕಳೆದುಕೊಳ್ಳುತ್ತದೆ.

ಮಧ್ಯಾಹ್ನ ಗುಡುಗು ಮಳೆ ಬರುವುದೇ ಜಾಸ್ತಿ. ಊಟ ಮಾಡಿ ಮಲಗಿ. ಮಳೆ ನಿಂತ ಮೇಲೆ ಗದ್ದೆ ಏರಿಗೆ ಹೋದರೆ ಕರೆಂಟ್ ತಂತಿ ಮೇಲೆ ಸಾಲಾಗಿ ಕೂತ ಕವಲುಬಾಲದ ಅಂಬರಗುಬ್ಬಿಗಳು ಸಿಗುತ್ತವೆ.

ನವರಂಗ ಮಾತ್ರ ಮುಸ್ಸಂಜೆಯದು. ಕಾಫಿ ಗಿಡದ ಬುಡದ ಕತ್ತಲಿನಿಂದ ಎರಡು ಸ್ವರದ ಸಿಳ್ಳೆ ಬರುತ್ತದೆ. ಮನೆಯಂಗಳದಲ್ಲೇ ಕೂತು ಕೇಳಿ.

ಇದು ರಾತ್ರಿ ಹಾರಿ ಬರುವ ಹಕ್ಕಿ. ದಣಿದು ಬಂದದ್ದು ಕಿಟಕಿ ಗಾಜಿಗೆ ಬಡಿದು ಬೀಳುವುದುಂಟು. ಎರಡು ವರ್ಷದ ಹಿಂದೆ ನಮ್ಮ ಜಗಲಿಯಲ್ಲೂ ಬಿದ್ದಿತ್ತು. ಹಸಿರು ಬೆನ್ನು, ರೆಕ್ಕೆಯಲ್ಲಿ ನೀಲಿ, ಬಾಲದ ಕೆಳಗೆ ಕುಂಕುಮದ ಕೆಂಪು, ಅರ್ಧ ಮುಚ್ಚಿದ ಕಣ್ಣು. ಬೆರಳಿಗೆ ಅದರ ಎದೆಬಡಿತ ಸಿಗುತ್ತಿತ್ತು. ಹೀಗಾದರೆ ತೂತು ಮಾಡಿದ ರಟ್ಟಿನ ಪೆಟ್ಟಿಗೆಯಲ್ಲಿ ಬಟ್ಟೆ ಹಾಸಿ, ಕತ್ತಲು ಮಾಡಿ, ಮಕ್ಕಳು, ಬೆಕ್ಕು ಬಾರದ ಕಡೆ ಇಡಿ. ಬಾಯಿಗೆ ನೀರು ಬಿಡಬೇಡಿ, ಉಸಿರು ಕಟ್ಟಬಹುದು. ರೆಕ್ಕೆ ಜೋತುಬಿದ್ದಿದ್ದರೆ ಅರಣ್ಯ ಇಲಾಖೆಯವರಿಗೆ ತಿಳಿಸಿ. ನಮ್ಮದು ಸಂಜೆ ಹೊತ್ತಿಗೆ ಪೆಟ್ಟಿಗೆಯೊಳಗೇ ಪರಚಲು ಶುರುಮಾಡಿತು. ಕಾಫಿ ಗಿಡದ ಕೆಳಗೆ ಮುಚ್ಚಳ ತೆಗೆದು ದೂರ ನಿಂತೆವು. ಸ್ವಲ್ಪ ಹೊತ್ತು ಹಾಗೇ ಕೂತಿತ್ತು. ಆಮೇಲೆ ಹೊರಗೆ ಕುಪ್ಪಳಿಸಿ, ಒಂದು ತರಗೆಲೆ ತಿರುವಿ ಹಾಕಿ, ಒಳಗೆ ಹೋಯಿತು.

ಮರುದಿನ ಆ ಕಿಟಕಿಗೆ ಹೊರಗಿನಿಂದ ಹಳೆಯ ಸೊಳ್ಳೆಪರದೆ ಕಟ್ಟಿದೆವು. ಅಕ್ಟೋಬರ್ ಬಂತೆಂದರೆ ಈಗಲೂ ಕಟ್ಟುತ್ತೇವೆ.