ತಂಬಿಗೆಯಾಕಾರದ ಮರದ ಪಾತ್ರೆಯ ಒಳಗನ್ನು ಕಡೆಯುವ ಬಗೆ

ಬಾಯಿ ಕಿರಿದಾಗಿ ಹೊಟ್ಟೆ ಅಗಲವಾಗಿರುವ ತಂಬಿಗೆಯಂಥ ಪಾತ್ರೆಯನ್ನು ಲೇತ್‌ನಲ್ಲಿ (ಮರವನ್ನು ತಿರುಗಿಸುವ ಯಂತ್ರದಲ್ಲಿ) ಮರದಿಂದ ಕಡೆಯುವಾಗ ಕಣ್ಣಿನ ಸಹಾಯ ಹೆಚ್ಚು ಸಿಗುವುದಿಲ್ಲ. ಕೈಯನ್ನೂ ಕಿವಿಯನ್ನೂ ನೆಚ್ಚಬೇಕಾಗುತ್ತದೆ. ಹೊರಮೈಗೆ ಮಾಮೂಲಿ ಉಳಿಗಳೇ ಸಾಕು. ಒಳಗನ್ನು ತೆಗೆಯುವ ಉದ್ದನೆಯ ಉಳಿಯನ್ನು ಮಾತ್ರ ನಾವೇ ಮಾಡಿಕೊಳ್ಳುವುದು ಒಳ್ಳೆಯದು. ಬೆಳಗಾವಿಯಲ್ಲಿ ಇದು ಕಷ್ಟವಲ್ಲ, ಏಕೆಂದರೆ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದ ಸುತ್ತಮುತ್ತ ಕಬ್ಬಿಣದ ಸರಳಿನ ತುಂಡುಗಳೂ ಮಷೀನ್ ಶಾಪ್‌ಗಳಲ್ಲಿ ಸವೆದು ಗಿಡ್ಡವಾದ ಹೈಸ್ಪೀಡ್ ಸ್ಟೀಲ್ (ಕಾದರೂ ಗಡುಸು ಕಳೆದುಕೊಳ್ಳದ ಉಕ್ಕು) ಬಿಟ್‌ಗಳೂ, ಅಂದರೆ ಕತ್ತರಿಸುವ ತುಂಡುಗಳೂ, ಕೇಳಿದರೆ ಸಿಗುತ್ತವೆ.

ಹಳೆಯ ಅರವನ್ನು ಸಾಣೆ ಹಿಡಿದು ಉಳಿ ಮಾಡುವ ಆಸೆ ಎಲ್ಲರಿಗೂ ಆಗುತ್ತದೆ. ನಾನೂ ಹಾಗೆಯೇ ಆರಂಭಿಸಿದ್ದೆ. ಬೇವಿನ ಗಡಿಗೆಯೊಂದರ ಒಳಗೆ ಅದು ಸಿಕ್ಕಿಕೊಂಡು ಗಾಜಿನಂತೆ ಮುರಿದು, ತುದಿ ನನ್ನ ಭುಜದ ಪಕ್ಕದಲ್ಲೇ ಹಾರಿಹೋಯಿತು. ಅರದ ಉಕ್ಕು ಬಹಳ ಗಡುಸು, ಆದರೆ ಬಳುಕುವುದಿಲ್ಲ. ಆದ್ದರಿಂದ ಸರಳು ಮೆದು ಉಕ್ಕಿನದಾಗಿ, ಕತ್ತರಿಸುವ ತುದಿ ಮಾತ್ರ ಗಡುಸಾಗಿ ಇರಬೇಕು.

20 ಮಿ.ಮೀ. ದಪ್ಪದ, ಸುಮಾರು 400 ಮಿ.ಮೀ. ಉದ್ದದ ಸರಳನ್ನು ತೆಗೆದುಕೊಂಡು, ಅದರ ತುದಿಯಲ್ಲಿ ಸ್ವಲ್ಪ ಓರೆಯಾಗಿ 6 ಮಿ.ಮೀ. ರಂಧ್ರ ಕೊರೆಯಿರಿ, ಮೇಲಿನಿಂದ ಬಿಟ್ ಬಿಗಿಯುವ 5 ಮಿ.ಮೀ. ಗ್ರಬ್ ಸ್ಕ್ರೂಗೆ (ತಲೆಯಿಲ್ಲದ ಸ್ಕ್ರೂ) ಥ್ರೆಡ್ ಹಾಕಿಸಿ. 6 ಮಿ.ಮೀ. ದುಂಡು ಬಿಟ್ ಅದರಲ್ಲಿ ಅಲುಗಾಡದೆ ಕೂಡಬೇಕು, 10 ಮಿ.ಮೀ.ಗಿಂತ ಹೆಚ್ಚು ಹೊರಗೆ ಚಾಚಬಾರದು. ಬಿಟ್‌ನ ತುದಿಯನ್ನು ಉಗುರಿನಂತೆ ದುಂಡಗೆ ಸಾಣೆ ಹಿಡಿದು, ಕೆಳಭಾಗ ಮರಕ್ಕೆ ಉಜ್ಜದಂತೆ ಒಳಕ್ಕೆ ಇಳಿಸಬೇಕು. ಸಾಣೆಯಲ್ಲಿ ಅದು ನೀಲಿಗೆ ತಿರುಗಿದರೂ ಹೈಸ್ಪೀಡ್ ಸ್ಟೀಲ್ ಕೆಡುವುದಿಲ್ಲ. ಆದರೆ ಕಾದಾಗ ನೀರಿಗೆ ಅದ್ದಿದರೆ ಸೂಕ್ಷ್ಮ ಬಿರುಕುಗಳು ಬಿಡಬಹುದು. ಜಾಲಿ ಮರದ ಕಾವು (ಹಿಡಿಕೆ) ಕನಿಷ್ಠ 450 ಮಿ.ಮೀ. ಉದ್ದವಿರಲಿ. ಭುಜದ ಅಡಿಗೆ ಸಿಕ್ಕಿಸಿ ಹಿಡಿದಾಗಲೇ ತೋಳು ದಣಿಯದೆ ಒಳಗಿನ ಬಲವನ್ನು ತಡೆಯುತ್ತದೆ. ಹೊಟ್ಟೆಯ ಬದಿ ತಲುಪಲು ಇನ್ನೊಂದು ಸರಳನ್ನು ಕುಲುಮೆಯಲ್ಲಿ ಕಾಯಿಸಿ ಬಗ್ಗಿಸಿಕೊಳ್ಳಿ, ಆದರೆ ಕತ್ತರಿಸುವ ತುದಿ ಮತ್ತೆ ಸರಳಿನ ನೇರ ಗೆರೆಗೇ ಬರಬೇಕು. ಇಲ್ಲದಿದ್ದರೆ ಅದು ಕೈಯಲ್ಲಿ ತಿರುಚಿಕೊಳ್ಳುತ್ತದೆ. ಟೂಲ್ ರೆಸ್ಟ್ (ಉಳಿಯನ್ನು ಊರುವ ಆಸರೆ) ಮೇಲೆ ಬಾಗಿದ ಭಾಗವನ್ನು ಎಂದೂ ಇಡಬಾರದು.

ಫೇಸ್ ಪ್ಲೇಟ್‌ಗೆ (ಮರವನ್ನು ಲೇತ್‌ಗೆ ಹಿಡಿಸುವ ಲೋಹದ ತಟ್ಟೆ) ಬಿಗಿಯಲು ದಿಮ್ಮಿಯ ಬುಡದಲ್ಲಿ 50 ಮಿ.ಮೀ. ಹೆಚ್ಚುವರಿ ಮರ ಬಿಡಿ, ಉದ್ದನೆಯ ಸ್ಕ್ರೂ ಹಾಕಿ. ಹೊರಮೈ ಕಡೆದ ಮೇಲೆ 25 ಮಿ.ಮೀ. ಡ್ರಿಲ್ ಬಿಟ್‌ನಿಂದ ನಡುವೆ ರಂಧ್ರ ಕೊರೆದು ತಳಕ್ಕೆ 12 ಮಿ.ಮೀ. ಉಳಿಸಿಕೊಳ್ಳಿ. 150 ಮಿ.ಮೀ. ಅಗಲದ ಪಾತ್ರೆಗೆ ನಿಮಿಷಕ್ಕೆ 500-600 ಸುತ್ತಿನ ವೇಗ ಸಾಕು.

ಇಲ್ಲಿ ಒಂದು ಮಾತನ್ನು ನಿಧಾನವಾಗಿ ಮನಸ್ಸಿಗೆ ತಂದುಕೊಳ್ಳಬೇಕು. ಒಳಗೋಡೆ ಅತ್ಯಂತ ದೂರವಿರುವುದು ಪಾತ್ರೆಯ ನಡುಮಟ್ಟದಲ್ಲಿ, ಅಂದರೆ ಅದು ತಿರುಗುವ ಅಕ್ಷದ ಎತ್ತರದಲ್ಲಿ. ಉಳಿಯ ಬಿಟ್‌ನ ತುದಿ ಆ ಮಟ್ಟಕ್ಕಿಂತ ಕೂದಲೆಳೆಯಷ್ಟು ಮೇಲಿದ್ದರೆ, ಮರ ಅದನ್ನು ಕೆಳಗೆ ತಳ್ಳಿದಾಗ ಅದು ಗೋಡೆಯಿಂದ ದೂರ ಸರಿದು ಬಿಡಿಸಿಕೊಳ್ಳುತ್ತದೆ. ಕೆಳಗಿದ್ದರೆ, ತಳ್ಳಿದಷ್ಟೂ ಗೋಡೆಯೊಳಕ್ಕೆ ನುಗ್ಗಿ ಪಾತ್ರೆಯನ್ನೇ ಒಡೆಯುತ್ತದೆ. ಆದ್ದರಿಂದ ಕಾವು ತುಸು ಮೇಲಿರಲಿ, ತುದಿ ತುಸು ಇಳಿಮುಖವಾಗಿರಲಿ. ನಾರು ಪಾತ್ರೆಯ ಉದ್ದಕ್ಕೆ ಇದ್ದರೆ ನಡುವಿನಿಂದ ಗೋಡೆಯ ಕಡೆಗೆ ಕಡೆಯಬೇಕು. ಬಾಯಿಯ ಬಳಿ ಗೋಡೆಯನ್ನು ಮೊದಲು ಅಳತೆಗೆ ತಂದು ಬಿಟ್ಟ ಮೇಲೆಯೇ ಆಳಕ್ಕೆ ಇಳಿಯಬೇಕು, ಏಕೆಂದರೆ ತೆಳುವಾದ ಬಾಯಿಗೆ ಮತ್ತೆ ಉಳಿ ತಗುಲಿಸಿದರೆ ಅದು ನಡುಗುತ್ತದೆ.

ಕಿವಿ ಕೊಟ್ಟು ಕೇಳಿ. ಸರಿಯಾಗಿ ಕತ್ತರಿಸುವಾಗ ಒಂದೇ ಸಮನೆ ಸರಸರ ಸದ್ದು ಬರುತ್ತದೆ. ಅದು ಕಿರ್ರೆಂದು ಚೀರಿದರೆ ಸರಳು ನಡುಗುತ್ತಿದೆ ಎಂದರ್ಥ, ಕಡಿಮೆ ಆಳಕ್ಕೆ ತೆಗೆಯಿರಿ. ಹೊಟ್ಟು ತುಂಬಿದ ಸಪ್ಪೆ ಸದ್ದು ಬಂದರೆ ಲೇತ್ ನಿಲ್ಲಿಸಿ, ಪಾತ್ರೆಯನ್ನು ಬರಿದು ಮಾಡಿ. ತಿರುಗುವಾಗ ಬೆರಳು ಹಾಕಬಾರದು. ಹೆಗಲ ಟವೆಲ್ ತೆಗೆದಿಟ್ಟು, ಮುಖಕ್ಕೆ ಕವಚ ಹಾಕಿಕೊಳ್ಳಿ.

ಹಸಿ ಮರವನ್ನು ವಿಜಯಪುರದ ಬೇಸಿಗೆಗೆ ಹಾಗೆಯೇ ಒಡ್ಡಿದರೆ ಬಿರುಕು ಖಂಡಿತ. ಗೋಡೆಯನ್ನು ಅಗಲದ ಹತ್ತನೇ ಒಂದು ಪಾಲಿನಷ್ಟು ದಪ್ಪ ಬಿಟ್ಟು, ಅದೇ ಮರದ ಹೊಟ್ಟಿನಲ್ಲಿ ಹೂತು ಗಾಳಿ ತಾಗದ ಮೂಲೆಯಲ್ಲಿ ಕೆಲವು ತಿಂಗಳು ಇರಿಸಿ, ನಂತರ 6 ಮಿ.ಮೀ.ಗೆ ತನ್ನಿ. ಕೊನೆಗೆ ಅಗಸಿ ಎಣ್ಣೆಯನ್ನು ತೆಳುವಾಗಿ ಎರಡು ಮೂರು ಸಲ ಒರೆಸಿ, ಆ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯದೆ ಹೊರಗೆ ಹರವಿ ಒಣಗಿಸಿ, ಏಕೆಂದರೆ ಅದು ತಾನಾಗಿಯೇ ಹೊತ್ತಿಕೊಳ್ಳಬಲ್ಲದು.